‘ಕಮ್ಮಟ’ ಅಂದರೆ ಟಂಕಸಾಲೆ ಅಂತ ಈಗಲೂ ಬರೆಯಬಹುದೇ?

ಗೆಳೆಯರೇ, ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಹಳೆಯ ನಾಣ್ಯಗಳ ಬಗ್ಗೆ ಬರೆಯುವಾಗ, ಅವು ತಯಾರಾಗುವ ಜಾಗಕ್ಕೆ ‘ಕಮ್ಮಟ’ ಎಂದು ಬರೆದೆ. ಓದಿದ ಗೆಳತಿಯೊಬ್ಬರು, “ಅಲ್ಲಿ ಏನು ಕಲಿಸುತ್ತಿದ್ದರು?” ಅಂತ ಕೇಳಿದರು! ತಪ್ಪು ಅವರದಲ್ಲ. ಕಥಾ ಕಮ್ಮಟ, ಕಾವ್ಯ ಕಮ್ಮಟ ಅಂತ ಕೇಳಿಯೇ ಬೆಳೆದವರು ನಾವು. ಆದರೆ 1894ರ ಕಿಟೆಲ್ ನಿಘಂಟು ತೆಗೆದರೆ ಕಮ್ಮಟ ಅಂದರೆ ಟಂಕಸಾಲೆಯೇ. ಮಲಯಾಳದ ‘ಕಮ್ಮಟ್ಟಂ’ ಇಂದಿಗೂ ಅದೇ. ಕಳ್ಳನೋಟು ಅಚ್ಚು ಹಾಕುವ ಅಡ್ಡೆಗೂ ಅಲ್ಲಿ ಅದೇ ಪದ. ತಮಿಳಿನಲ್ಲಿ ‘ಕಂಪಟ್ಟಂ’. ನಮ್ಮ ಕಮ್ಮಟ ಮಾತ್ರ ಕಾಸು ಬಿಟ್ಟು ಕವಿಗಳ ಹಿಂದೆ ಹೋಯಿತು. ತಟ್ಟಿ ರೂಪ ಕೊಡುವ ಜಾಗ ಅನ್ನುವ ಹೋಲಿಕೆಯಿಂದ ಹೀಗಾಗಿರಬೇಕು ಅಂತ ನನ್ನ ಊಹೆ.

ನಾಣ್ಯ ಒತ್ತುವ ಯಂತ್ರಕ್ಕೆ ಏನನ್ನಬೇಕು ಅನ್ನುವುದು ಇನ್ನೊಂದು ತಲೆನೋವು. ‘ಅಚ್ಚಿನ ಯಂತ್ರ’ ಅಂದರೆ ಪುಸ್ತಕ ನೆನಪಾಗುತ್ತದೆ. ಪತ್ರಿಕೆಗಳ ‘ನಾಣ್ಯ ಮುದ್ರಣ’ ನನಗೆ ಒಗ್ಗುವುದಿಲ್ಲ. ನೋಟಿಗೆ ಸರಿ, ನಾಣ್ಯಕ್ಕೆ ಶಾಯಿ ಎಲ್ಲಿದೆ? (ಮುದ್ರೆ ಅಂದರೆ ಒತ್ತಿದ ಗುರುತು, ಹಾಗಾಗಿ ತಪ್ಪಲ್ಲ ಅಂತ ವಾದಿಸಬಹುದು, ಒಪ್ಪಿದೆ.)

ಟಿಪ್ಪು ಕಾಲದ ಒಂದು ಆನೆ ಕಾಸು ಈಗ ಮೇಜಿನ ಮೇಲಿದೆ. ಸೊಂಡಿಲಿನ ತುದಿಯೇ ಇಲ್ಲ, ಅಂಚಿನಾಚೆ ಹೋಗಿದೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ತಾಮ್ರದ ಬಿಲ್ಲೆ, ಸುತ್ತಿಗೆಯಿಂದ ಏಟು. ಬಿಲ್ಲೆ ಚೂರು ಜರುಗಿದರೂ ಚಿತ್ರ ವಾರೆ. ಅತ್ತ ಇಂಗ್ಲೆಂಡಿನಲ್ಲಿ, ಟಿಪ್ಪು ಇನ್ನೂ ಆಳುತ್ತಿದ್ದಾಗಲೇ, 1788ರಲ್ಲಿ ಮ್ಯಾಥ್ಯೂ ಬೌಲ್ಟನ್ ಎಂಬ ಉದ್ಯಮಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸೋಹೊದಲ್ಲಿ ಟಂಕಸಾಲೆ ಕಟ್ಟಿದ. ಉಗಿಯ ಬಲದಿಂದ ಅಚ್ಚು ಒತ್ತಿಸಿದ. ಒತ್ತುವಾಗ ಬಿಲ್ಲೆಯ ಸುತ್ತ ಒಂದು ಉಕ್ಕಿನ ಬಳೆ. ಲೋಹ ಹೊರಗೆ ಹರಡುವ ಹಾಗಿಲ್ಲ. ಅವನ 1797ರ ದಪ್ಪ ತಾಮ್ರದ ಪೆನ್ನಿಗಳು ಒಂದರ ಪಡಿಯಚ್ಚು ಇನ್ನೊಂದು. ನೋಡಿ, ‘ಅಪ್ಪನ ಪಡಿಯಚ್ಚು’ ಅನ್ನುವಾಗ ನಾವು ಸುಮ್ನೆ ಇದೇ ಕಸುಬಿನ ಮಾತು ಆಡುತ್ತಿರುತ್ತೇವೆ, ಅಲ್ವಾ?

ಸದ್ಯಕ್ಕೆ ಜಾಗಕ್ಕೆ ‘ಟಂಕಸಾಲೆ’, ಯಂತ್ರಕ್ಕೆ ‘ನಾಣ್ಯದ ಒತ್ತುಯಂತ್ರ’ ಅಂತ ಇಟ್ಟುಕೊಂಡಿದ್ದೇನೆ. ‘ಟಂಕಯಂತ್ರ’ ಬೇಡ, ಯಾರೂ ಆಡುವುದಿಲ್ಲ. ಆ ಬಳೆಗೆ ಮಾತ್ರ ಸರಿಯಾದ ಪದ ಬೇಕು. ಬಿಲ್ಲೆಯನ್ನು ಸುತ್ತ ಹಿಡಿದಿಡುವ ಇಂಥ ಸಾಧನಕ್ಕೆ ನಿಮ್ಮೂರ ಅಕ್ಕಸಾಲಿಗರು ಏನನ್ನುತ್ತಾರೆ? ಒಮ್ಮೆ ಕೇಳಿ ತಿಳಿಸುತ್ತೀರಾ?