ಸಹಾಯ ಬೇಕು: 10ನೇ ತರಗತಿ ಮಗಳಿಗೆ ಇಂಗ್ಲಿಷ್ ಪದಗಳು ನೆನಪಲ್ಲಿ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮಗಳು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಓದುತ್ತಿದ್ದಾಳೆ. ಇಂಗ್ಲಿಷ್ ಎರಡನೇ ಭಾಷೆ, ಲಿಖಿತ ಪರೀಕ್ಷೆ 80 ಅಂಕಕ್ಕೆ. ಪಾಠದ ಪ್ರಶ್ನೋತ್ತರ, ಪದ್ಯ ಎಲ್ಲ ಬಾಯಿಪಾಠ ಮಾಡಿ ಬರೆಯುತ್ತಾಳೆ. ಆದರೆ ಓದಿರದ ಗದ್ಯಭಾಗ, ಪತ್ರ, ಪ್ರಬಂಧ ಬಂದರೆ ಪೆನ್ನು ನಿಂತೇಬಿಡುತ್ತದೆ. "ಪದಗಳೇ ಸಿಗಲ್ಲ ಅಮ್ಮಾ" ಅಂತ ಅಳುತ್ತಾಳೆ. ನೋಡೋಕೆ ಆಗಲ್ಲ.

ಜೂನ್‌ನಿಂದ ದಿನಕ್ಕೆ 10 ಪದ, ಕನ್ನಡ ಅರ್ಥದ ಜೊತೆ ಬರೆಸಿದೆ. ಭಾನುವಾರ ಕೇಳಿದರೆ ಅರ್ಧ ಮರೆತಿರುತ್ತಾಳೆ. ಇಂಗ್ಲಿಷ್ ಪೇಪರ್ ತರಿಸಿದೆ, ಅದು ಜಾಸ್ತಿ ಕಷ್ಟವಾಯಿತು.

ನಾನು ಸಿಕ್ಕಿಕೊಂಡಿರುವುದು ಇಲ್ಲಿ. ‘ಡಿಸೈಡ್’ ಅವಳಿಗೆ ಗೊತ್ತು. ‘ಡಿಸಿಷನ್’ ಬಂದರೆ ಯಾವುದೋ ಹೊಸ ಪದ ಅಂದುಕೊಳ್ಳುತ್ತಾಳೆ. ಕನ್ನಡದಲ್ಲಿ ಓದು, ಓದುಗ, ಓದಿಸು ಇದ್ದ ಹಾಗೇ ಅಲ್ವಾ ಅಂದೆ. ಆಗ ಮುಖ ಅರಳಿತು. ಅವತ್ತು ಹೀಗೆ ಕಲಿತ ನಾಲ್ಕು ಪದ ಇನ್ನೂ ಮರೆತಿಲ್ಲ!

ಹಾಗಾದರೆ ಹೊಸ ಪದಗಳ ಪಟ್ಟಿ ಬಿಟ್ಟು, ಪಠ್ಯಪುಸ್ತಕದ ಪದಗಳನ್ನೇ ಹೀಗೆ ಒಂದೇ ಮನೆಯವರಂತೆ ಜೋಡಿಸಿ ವಾಕ್ಯ ಮಾಡಿಸಲಾ? ನಮಗೆ ಸಿಗುವುದು ದಿನಕ್ಕೆ ಅರ್ಧ ಗಂಟೆ. ಅಷ್ಟರಲ್ಲಿ ಎಷ್ಟು ಪದ, ಎಷ್ಟು ದಿನಕ್ಕೊಮ್ಮೆ ಮತ್ತೆ ಕೇಳಬೇಕು? ಇಂಗ್ಲಿಷ್ ಕಲಿಸುವ ಶಿಕ್ಷಕರು ದಯವಿಟ್ಟು ತಿಳಿಸಿ.