ಬ್ರೇಕ್ ತುಳಿದರೆ ಸದ್ದು ನಿಲ್ಲುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಪ್ಯಾಡ್ ಸವೆದಿದೆಯಾ?

ಮಳೆಬಿಲ್ಲು:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಕಾರಿನ ಮುಂದಿನ ಎಡ ಚಕ್ರದಿಂದ ಸಣ್ಣಗೆ ಕೀ ಅಂತ ಸದ್ದು ಬರುತ್ತಿದೆ. ಬ್ರೇಕ್ ತುಳಿಯದೆ ಸುಮ್ನೆ ಓಡಿಸುವಾಗಲೇ ಬರುತ್ತದೆ, ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ನಿಂತುಬಿಡುತ್ತದೆ. ಹಾಗಾಗಿ ಇದು ಬ್ರೇಕಿನದಲ್ಲ, ಬೇರಿಂಗ್ ಇರಬಹುದು ಅಂದುಕೊಂಡಿದ್ದೆ. ಗ್ಯಾರೇಜಿನಲ್ಲಿ ಚಕ್ರ ಬಿಚ್ಚದೆ, ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ "ಪ್ಯಾಡ್ ಇನ್ನೂ ಅರ್ಧ ಇದೆ, ಆರಾಮಾಗಿ ಓಡಿಸಿ" ಅಂದರು. ಕಾರು ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಬಾನೆಟ್ ಎತ್ತಿದರೆ ಬ್ರೇಕ್ ಆಯಿಲ್ ಕೆಳಗಿನ ಗೆರೆ ಹತ್ತಿರ ಇಳಿದಿದೆ, ಎಲ್ಲೂ ಸೋರಿದ ಗುರುತಿಲ್ಲ. ಹಿಂದಿನ ಸೀಟಿನಲ್ಲಿ ಮಗು ಇರುತ್ತದೆ, ಅದಕ್ಕೇ ಭಯ. ಆಯಿಲ್ ತುಂಬಿಸಿದರೆ ಸಾಕಾ, ಪ್ಯಾಡ್ ಬದಲಿಸಲೇಬೇಕಾ?

ಸ್ಪ್ಯಾನರ್ಕೈ:
ಆಯಿಲ್ ತುಂಬಿಸಬೇಡಿ, ಮೊದಲು ಚಕ್ರ ಬಿಚ್ಚಿಸಿ. ನೀವು ಹೇಳಿದ ಸದ್ದು ಹೆಚ್ಚಾಗಿ ಪ್ಯಾಡಿನದೇ, ಅಂದರೆ ಬ್ರೇಕ್ ತುಳಿದಾಗ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು (ಡಿಸ್ಕ್) ಎರಡೂ ಕಡೆಯಿಂದ ಒತ್ತುವ ತುಂಡುಗಳದು. ಸುಮಾರು ಪ್ಯಾಡುಗಳ ಪಕ್ಕದಲ್ಲಿ ಒಂದು ತೆಳು ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು 2-3 ಮಿ.ಮೀ.ಗೆ ಬಂದಾಗ ಅದು ಡಿಸ್ಕಿಗೆ ತಾಗಿ ಕೀರಲು ಶುರು ಮಾಡುತ್ತದೆ, ಇಟ್ಟಿರುವುದೇ ಅದಕ್ಕೆ. ಬ್ರೇಕ್ ತುಳಿದಾಗ ನಾಲಿಗೆ ಬಿಗಿಯಾಗಿ ಒತ್ತಿಕೊಂಡು ಅದುರುವುದು ನಿಲ್ಲುತ್ತದೆ, ಅದಕ್ಕೇ ಕೆಲವು ಕಾರುಗಳಲ್ಲಿ ಸದ್ದೂ ನಿಲ್ಲುತ್ತದೆ. ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ.

ಇನ್ನು ಹೊರಗಿನಿಂದ ಟಾರ್ಚ್ ಬಿಟ್ಟರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಒಳಗಿನದು ಡಿಸ್ಕಿನ ಆ ಕಡೆ ಇರುತ್ತದೆ. ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದು ಒತ್ತುವ ಭಾಗ) ಜಾರುವ ಪಿನ್ನುಗಳಲ್ಲಿ ಗ್ರೀಸ್ ಒಣಗಿ ತುಕ್ಕು ಹಿಡಿದರೆ ಅದರಲ್ಲಿರುವ ಪಿಸ್ಟನ್ ಒಳಗಿನ ಪ್ಯಾಡನ್ನೇ ಒತ್ತುತ್ತಾ ಇರುತ್ತದೆ, ಹೊರಗಿನದು ಅರ್ಧ ಉಳಿದಿದ್ದರೂ ಒಳಗಿನದು ಮುಗಿದಿರುತ್ತದೆ. ಹೊಸ ಪ್ಯಾಡಿನ ಸವೆಯುವ ಭಾಗ ಸುಮಾರು 10-12 ಮಿ.ಮೀ., 3 ಮಿ.ಮೀ. ಬಂದರೆ ನಾನಂತೂ ಕಾಯುವುದಿಲ್ಲ. ಅಳತೆಪಟ್ಟಿ ಇಲ್ಲದಿದ್ದರೆ ಹಿಂದಿನ ಉಕ್ಕಿನ ಪಟ್ಟಿ ನೋಡಿ, ಸವೆಯುವ ಭಾಗ ಅದಕ್ಕಿಂತ ತೆಳ್ಳಗೆ ಕಂಡರೆ ಬದಲಿಸುವ ಸಮಯ ಹತ್ತಿರ ಬಂದಿದೆ ಅಂತ ತಿಳಿಯಿರಿ.

ದೂರದಾರಿ:
ಸ್ಪ್ಯಾನರ್ಕೈ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಆ ಕೀರಲು ಸದ್ದನ್ನು ಒಂದು ತಿಂಗಳು ಧೂಳು ಇರಬೇಕು ಅಂತ ಬಿಟ್ಟೆ. ಒಂದು ದಿನ ಅದು ತಾನಾಗೇ ನಿಂತಿತು, ಖುಷಿಯಾಯಿತು. ಆಮೇಲೆ ಬ್ರೇಕ್ ಹಿಡಿದಾಗಲೆಲ್ಲಾ ಗರಗರ ಅಂತ ಕಲ್ಲು ಅರೆದ ಹಾಗೆ ಸದ್ದು, ಪೆಡಲ್ ಮೂಲಕ ಕಾಲಿಗೂ ಗೊತ್ತಾಗುತ್ತಿತ್ತು. ಬಿಚ್ಚಿದರೆ ಡಿಸ್ಕಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು. ಪ್ಯಾಡ್ ಜೊತೆ ಡಿಸ್ಕೂ ಹೋಯಿತು. ಗರಗರ ಶುರುವಾದ ಮೇಲೆ ಓಡಿಸಲೇಬೇಡಿ, ಅಲ್ಲಿಂದಲೇ ಎಳೆಸಿಕೊಂಡು ಹೋಗಿ.

ರಾತ್ರಿ ಮಳೆ ಬಂದು ಬೆಳಿಗ್ಗೆ ಮೊದಲ ಎರಡು-ಮೂರು ಬ್ರೇಕಿಗೆ ಕರಕರ ಅಂದು ಹೋದರೆ ಚಿಂತೆ ಬೇಡ, ಅದು ಡಿಸ್ಕಿನ ಮೇಲಿನ ತೆಳು ತುಕ್ಕು. ಆದರೆ ಬ್ರೇಕ್ ಹಿಡಿದಾಗ ಕಾರು ಒಂದು ಕಡೆ ಎಳೆದರೆ, ಸ್ಟೇರಿಂಗ್ ನಡುಗಿದರೆ, ಓಡಿಸಿ ಬಂದ ಮೇಲೆ ಒಂದೇ ಚಕ್ರದ ಹತ್ತಿರ ಜಾಸ್ತಿ ಬಿಸಿ ಅನ್ನಿಸಿದರೆ ತೋರಿಸಿ. ಪೆಡಲ್ ಮೆತ್ತಗಾಗಿ ಸ್ಪಂಜಿನ ಹಾಗಾದರೆ, ಇಲ್ಲಾ ತುಳಿದು ಹಿಡಿದಾಗ ನಿಧಾನಕ್ಕೆ ಕೆಳಗೆ ಇಳಿದರೆ ಅವತ್ತೇ ಗಾಡಿ ನಿಲ್ಲಿಸಿ. ಅದು ಆಯಿಲಿನಲ್ಲಿ ಗಾಳಿ ಸೇರಿರುವುದು, ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ವಿಷಯ, ಪ್ಯಾಡಿನದಲ್ಲ.

ಮಳೆಬಿಲ್ಲು:
ತುಂಬಾ ಥ್ಯಾಂಕ್ಸ್. ನಾಳೆಯೇ ಬಿಚ್ಚಿಸುತ್ತೇನೆ. ಆಯಿಲ್ ಯಾಕೆ ತುಂಬಿಸಬಾರದು, ಕಡಿಮೆ ಇದೆ ಅಲ್ವಾ?

ಸ್ಪ್ಯಾನರ್ಕೈ:
ಪ್ಯಾಡ್ ಸವೆದಷ್ಟೂ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಸೋರದೆ ಮಟ್ಟ ಇಳಿದಿರುವುದಕ್ಕೆ ಅದೇ ಕಾರಣ ಇರಬಹುದು. ಈಗ ತುಂಬಿಸಿದರೆ, ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದೆ ತಳ್ಳಿದಾಗ ಉಕ್ಕಿ ಚೆಲ್ಲುತ್ತದೆ, ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದು ಬರುತ್ತದೆ. ಹೊಸ ಪ್ಯಾಡ್ ಹಾಕಿದ ಮೇಲೂ ಮಟ್ಟ ಇಳಿಯುತ್ತಾ ಹೋದರೆ ಮಾತ್ರ ಸೋರಿಕೆ ಹುಡುಕಿಸಿ. ಆಯಿಲ್ ಹಾಕಿ ಎಷ್ಟು ವರ್ಷವಾಯಿತು ಅಂತಲೂ ನೋಡಿ. ಅದು ಗಾಳಿಯ ತೇವ ಹೀರುತ್ತದೆ, ಆಮೇಲೆ ಬೇಗ ಕುದಿಯುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯದೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯಬೇಕು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಬ್ರೇಕ್ ತುಂಬಾ ಕಾಯುವ ಉದ್ದದ ಇಳಿಜಾರಿನಲ್ಲಿ ಈ ವ್ಯತ್ಯಾಸ ದೊಡ್ಡದು. ಬಹಳ ಕಾರುಗಳಿಗೆ 2 ವರ್ಷಕ್ಕೊಮ್ಮೆ ಬದಲಿಸಿ ಅಂತಾರೆ, ನಿಮ್ಮ ಪುಸ್ತಕದಲ್ಲಿ ನೋಡಿಕೊಳ್ಳಿ.

ಮಳೆಬಿಲ್ಲು:
ಬಿಚ್ಚಿಸಿದೆ. ಹೊರಗಿನದು 6 ಮಿ.ಮೀ., ಒಳಗಿನದು 2 ಕೂಡ ಇಲ್ಲ! ಕೆಳಗಿನ ಪಿನ್ ಕೈಯಲ್ಲಿ ಅಲ್ಲಾಡಿಸಿದರೂ ಕದಲಲಿಲ್ಲ. ಡಿಸ್ಕಿನ ದಪ್ಪ ಅಳೆದರು, ಅದರ ಮೇಲೆ ಕೊರೆದಿರುವ ಕನಿಷ್ಠ ಅಳತೆಗಿಂತ ಜಾಸ್ತಿಯೇ ಇದೆ, ಉಳಿಯಿತು. ಎಡಕ್ಕೆ ಮಾತ್ರ ಹಾಕಿಸಿದರೆ ಸಾಕಾ?

ದೂರದಾರಿ:
ಬೇಡ, ಎಡ-ಬಲ ಎರಡಕ್ಕೂ ಒಟ್ಟಿಗೆ ಹಾಕಿಸಿ, ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಒಂದು ಕಡೆ ಎಳೆಯಬಹುದು. ಆ ಪಿನ್ ಬಿಡಿಸಿ, ಬ್ರೇಕಿನದೇ ಗ್ರೀಸ್ ಹಾಕಿಸಿ, ಸವೆದಿದ್ದರೆ ಬದಲಿಸಿ. ಹಾಗೇ ಬಿಟ್ಟರೆ ಹೊಸ ಪ್ಯಾಡೂ ಹೀಗೇ ಹೋಗುತ್ತದೆ. ಕಾರು ಕದಲುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ನಾಲ್ಕಾರು ಸಲ ತುಳಿಯಿರಿ, ಪಿಸ್ಟನ್ ಹಿಂದೆ ಹೋಗಿರುತ್ತದೆ, ಮೊದಲ ಸಲ ಕಾಲು ಸೀದಾ ಕೆಳಗೆ ಹೋಗುತ್ತದೆ. ಮೊದಲ 200-300 ಕಿ.ಮೀ. ಮುಂದಿನ ಗಾಡಿಯಿಂದ ಜಾಸ್ತಿ ದೂರ ಇಟ್ಟುಕೊಂಡು ಹೋಗಿ, ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಅಷ್ಟು ಬೇಕು.