ಅಡಿಕೆ ತೋಟದ ಹಿನ್ನೆಲೆಯಲ್ಲಿ ಹಸಿರೆಲ್ಲ ಕಲಸಿಹೋಗಿ ಪಾತ್ರವೇ ಕಾಣುತ್ತಿಲ್ಲ, ಏನು ಮಾಡಲಿ?

ಹಾಳೆಟೋಪಿ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಮೂರು ನಿಮಿಷದ ಒಂದು ಅನಿಮೇಷನ್‌ಗೆ ಹಿನ್ನೆಲೆ ಚಿತ್ರಗಳನ್ನು ಮಾಡುತ್ತಿದ್ದೇನೆ. ಮಳೆಗಾಲದ ಬೆಳಗ್ಗೆ. ಕಂಬಳಿಕೊಪ್ಪೆ ಹಾಕಿಕೊಂಡ ಹುಡುಗಿ ಅಡಿಕೆ ತೋಟದ ನಡುವೆ ನಡೆದು ಬರುತ್ತಾಳೆ. ದೃಶ್ಯ ಇಷ್ಟೇ. ತೋಟ ನಮ್ಮ ಮನೆ ಹಿಂದೆಯೇ ಇದೆ, ದಿನಾ ನೋಡುವುದೇ. ಆದರೂ ಐದು ಸಲ ಬಿಡಿಸಿದರೂ ಎಲ್ಲ ಹಸಿರು ಒಂದೇ ಮುದ್ದೆ ಆಗುತ್ತದೆ. ಹುಡುಗಿಯನ್ನು ತಂದು ಇಟ್ಟರೆ ಮರಗಳ ನಡುವೆ ಮಾಯ.

ಎಲೆಗಳಿಗೆ ಅಂತಲೇ ಇರುವ ಬ್ರಷ್‌ಗಳನ್ನು ಹಾಕಿಕೊಂಡೆ. ಬಣ್ಣದ ಗಾಢತೆ ಕಡಿಮೆ ಮಾಡಿದೆ. ಕೊನೆಗೆ ಎಲ್ಲದರ ಮೇಲೆ ಏರ್‌ಬ್ರಷ್‌ನಲ್ಲಿ ಬಿಳಿ ಮಂಜು ಎಳೆದೆ. ಆಗ ಕನ್ನಡಕದ ಮೇಲೆ ಹಬೆ ಕೂತ ಹಾಗಾಯಿತು. ಚಿತ್ರ ಬಿಡಿಸಲು ಕ್ರಿತಾ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ, ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ. ಅದೂ ನಡುನಡುವೆ ನಿಂತುಬಿಡುತ್ತದೆ. ನನ್ನ ತಪ್ಪು ಎಲ್ಲಿ ಅಂತ ಯಾರಾದರೂ ಹೇಳಿ.

ಚಿತ್ತಾರ (ಸಾಗರ)

ಬ್ರಷ್ ಹುಡುಕುವುದನ್ನು ಸದ್ಯ ಬಿಡಿ. ಮೊದಲು ಒಂದು ಪರೀಕ್ಷೆ ಮಾಡಿ. ಎಲ್ಲ ಲೇಯರ್‌ಗಳ (ಚಿತ್ರದ ಪದರಗಳ) ಮೇಲೆ ಒಂದು ಫಿಲ್ಟರ್ ಲೇಯರ್ ಹಾಕಿ, ಅದರಲ್ಲಿ ಬಣ್ಣ ತೆಗೆಯುವ ಡಿಸ್ಯಾಚುರೇಟ್ ಆರಿಸಿ. ಒಳಗೆ ಲೈಟ್‌ನೆಸ್ ಬೇಡ, ಕಣ್ಣಿಗೆ ಕಾಣುವ ಬೆಳಕನ್ನು ಲೆಕ್ಕ ಹಾಕುವ ಲ್ಯುಮಿನಾಸಿಟಿ 709 ಇಡಿ. ಚಿತ್ರ ಕಪ್ಪು-ಬಿಳುಪಾದಾಗ ಹುಡುಗಿ ಕಾಣುತ್ತಾಳಾ ನೋಡಿ ಹೇಳಿ.

ಹಾಳೆಟೋಪಿ

ಅಕ್ಕಾ, ಮಾಡಿದೆ. ಪೂರ್ತಿ ಒಂದೇ ಬೂದು. ಹುಡುಗಿ ಇಲ್ಲ, ಮರ ಇಲ್ಲ, ದಾರಿಯೂ ಇಲ್ಲ. ಆದರೆ ಬಣ್ಣ ಆರಿಸುವಾಗ ಎಚ್‌ಎಸ್‌ವಿ ಸ್ಲೈಡರ್‌ನಲ್ಲಿ ವ್ಯಾಲ್ಯೂ, ಅಂದರೆ ಬೆಳಕಿನ ಅಂಕಿ, ಬೇರೆ ಬೇರೆಯೇ ಇಟ್ಟಿದ್ದೆನಲ್ಲ?

ಚಿತ್ತಾರ (ಸಾಗರ)

ಗೊತ್ತಾಯಿತು. ಆ ಸ್ಲೈಡರ್‌ನ ವ್ಯಾಲ್ಯೂ ಬೇರೆ, ನಮ್ಮ ಕಣ್ಣಿಗೆ ಕಾಣುವ ಬೆಳಕು ಬೇರೆ. ಪರದೆಯ ಬಿಳಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಸುಮಾರು ನೂರಕ್ಕೆ 72 ಪಾಲು ಹಸಿರಿನಿಂದ ಬರುತ್ತದೆ. ಕೆಂಪಿನಿಂದ 21, ನೀಲಿಯಿಂದ ಬರೀ 7. ಹಾಗಾಗಿ ಅಚ್ಚ ಹಸಿರಿಗೂ ಅಚ್ಚ ನೀಲಿಗೂ ಸ್ಲೈಡರ್‌ನಲ್ಲಿ ಒಂದೇ ಅಂಕಿ ಇದ್ದರೂ ಹಸಿರು ಎಷ್ಟೋ ಬೆಳ್ಳಗೆ ಕಾಣುತ್ತದೆ. ಹಸಿರೇ ತುಂಬಿದ ಚಿತ್ರದಲ್ಲಿ ಆ ಅಂಕಿ ನಂಬಿದರೆ ದಾರಿ ತಪ್ಪುತ್ತದೆ.

ಈಗ ಮಂಜಿನ ವಿಷಯ. ನನಗೆ ಇದರ ಮೇಲೆ ತುಂಬಾ ಪ್ರೀತಿ, ಸ್ವಲ್ಪ ಉದ್ದ ಬರೆಯುತ್ತೇನೆ. ಬಿಸಿಲಿರುವ ದಿನ ಕೊಡಚಾದ್ರಿ ಕಡೆ ನೋಡಿ. ದೂರದ ಗುಡ್ಡ ನೀಲಿ. ಗಾಳಿಯ ಸಣ್ಣ ಕಣಗಳು ನೀಲಿ ಬೆಳಕನ್ನೇ ಜಾಸ್ತಿ ಚೆದುರಿಸುತ್ತವೆ, ಅದಕ್ಕೆ. ಆಗುಂಬೆಯ ಮಳೆಗಾಲದಲ್ಲಿ ನೋಡಿದರೆ ದೂರದ ಗುಡ್ಡ ನೀಲಿಯಲ್ಲ, ಬೂದು-ಬಿಳಿ. ಮಂಜಿನ ಹನಿ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚೆದುರಿಸುತ್ತದೆ. ದೂರದ್ದು ನೀಲಿ ಅಂತ ವಿಡಿಯೊಗಳಲ್ಲಿ ಹೇಳಿಕೊಡುತ್ತಾರೆ. ನಮ್ಮ ಮಳೆಗಾಲಕ್ಕೆ ಆ ಪಾಠ ಹೊಂದುವುದಿಲ್ಲ. ಆವತ್ತಿನ ಆಕಾಶದ ಬಣ್ಣ ಏನೋ, ಮಂಜಿನ ಬಣ್ಣವೂ ಅದೇ.

ಇನ್ನೊಂದು ಗಮನಿಸಿ. ಮಂಜು ಮೊದಲು ತಿನ್ನುವುದು ಕಪ್ಪನ್ನು. ದೂರ ಹೋದ ಹಾಗೆ ಕಾಂಡದ ನೆರಳು ತೆಳ್ಳಗಾಗುತ್ತದೆ, ಆದರೆ ಬೆಳಕಿರುವ ಕಡೆ ಅಷ್ಟೇನೂ ಬದಲಾಗುವುದಿಲ್ಲ. ನೀವು ಎಲ್ಲದರ ಮೇಲೆ ಒಂದೇ ಬಿಳಿ ಎಳೆದಿರಿ. ಹತ್ತಿರದ ಮರಕ್ಕೂ ದೂರದ ಮರಕ್ಕೂ ಒಂದೇ ಮಂಜು ಬಿತ್ತು. ತೋಟವನ್ನು ಮೂರು ಸಾಲು ಮಾಡಿ, ಪ್ರತಿ ಸಾಲೂ ಬೇರೆ ಗ್ರೂಪ್ (ಲೇಯರ್‌ಗಳ ಗುಂಪು). ಕಪ್ಪಿಗೆ 0, ಬಿಳಿಗೆ 100 ಅಂದುಕೊಂಡರೆ, ಮುಂದಿನ ಸಾಲಿನ ಅತಿ ಕಪ್ಪು 10ರ ಹತ್ತಿರ ಇರಲಿ, ನಡುವಿನದು 35, ಹಿಂದಿನದು 60, ಆಕಾಶ 85. ಮಂಜು ಸಾಲುಗಳ ನಡುವೆ ಕೂರಬೇಕು. ಒಂದು ಗ್ರೂಪ್‌ಗೆ ಮಾತ್ರ ಮಂಜು ಹಿಡಿಸಬೇಕಾದರೆ ಆ ಗ್ರೂಪ್‌ನ ಒಳಗೇ ಮೇಲೊಂದು ಲೇಯರ್ ಇಟ್ಟು ಇನ್‌ಹೆರಿಟ್ ಆಲ್ಫಾ ಒತ್ತಿ, ಆಗ ಆ ಗ್ರೂಪ್‌ನಲ್ಲಿ ಬಿಡಿಸಿದ್ದರ ಹೊರಗೆ ಮಂಜು ಹೋಗುವುದಿಲ್ಲ.

ಹುಡುಗಿಯ ವಿಷಯ ಈಗ ಸುಲಭ. ಕಂಬಳಿ ಕಪ್ಪು. ತೋಟದ ಒಳಗೂ ಕತ್ತಲೆ. ಕಪ್ಪಿನ ಮೇಲೆ ಕಪ್ಪು ಕಾಣುವುದಾದರೂ ಹೇಗೆ? ಅವಳ ಹಿಂದೆ ಮಂಜಿನ ಬೆಳಕು ಬರಲಿ. ಅದೂ ಅವಳು ನಿಂತ ಒಂದು ಜಾಗದಲ್ಲಿ ಮಾತ್ರ ಬಂದರೆ ಸಾಲದು. ಇದು ಗೋಡೆಗೆ ಹಾಕುವ ಚಿತ್ರ ಅಲ್ಲವಲ್ಲ, ಅವಳು ನಡೆಯುತ್ತಾಳೆ. ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆವರೆಗೆ ಅವಳ ತಲೆ-ಭುಜದ ಎತ್ತರದಲ್ಲಿ ಒಂದು ಬೆಳಕಿನ ಪಟ್ಟಿ ಓಡಬೇಕು. ಆ ಪಟ್ಟಿಯಲ್ಲಿ ಎಲೆ ಎಲೆ ಬಿಡಿಸಬೇಡಿ.

1942ರ ಡಿಸ್ನಿ ಅನಿಮೇಷನ್ ಸಿನಿಮಾ ‘ಬ್ಯಾಂಬಿ’ಗೂ ಇದೇ ತೊಂದರೆ ಬಂದಿತ್ತು. ಮೊದಲು ಮಾಡಿದ ಕಾಡಿನ ಚಿತ್ರಗಳಲ್ಲಿ ಎಲೆ, ಕಡ್ಡಿ, ಕೊಂಬೆ ಜಾಸ್ತಿಯಾಗಿ ಜಿಂಕೆಮರಿ ಕಳೆದುಹೋಗುತ್ತಿತ್ತು. ಟೈರಸ್ ವಾಂಗ್ ಎಂಬ ಕಲಾವಿದರು ನಡುವೆ ಮಾತ್ರ ವಿವರ ಇಟ್ಟು, ಅಂಚಿಗೆ ಹೋದ ಹಾಗೆ ಬಣ್ಣವನ್ನು ಮಸುಕಾಗಿ ಬಿಟ್ಟರು. ಕಾಡು ಇದೆ ಅಂತ ಅನಿಸುತ್ತದೆ, ಮರ ಎಣಿಸಲು ಆಗುವುದಿಲ್ಲ.

ನಮ್ಮ ಕಡೆಯ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಪುಂಡಿನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆ. ನೆರಳಿಲ್ಲ, ಛಾಯೆಯಿಲ್ಲ. ಅಂಗಳದಲ್ಲಿ ನಿಂತರೂ ಒಂದೊಂದು ಎಳೆ ಕಾಣುತ್ತದೆ. ನಾನು ಬೆಳಕು-ಕತ್ತಲೆ ಅಂತರ ಕಲಿತದ್ದು ಅಜ್ಜಿ ಆ ಗೋಡೆ ಬರೆಯುವಾಗ ಪಕ್ಕದಲ್ಲಿ ಕೂತು.

ತುಂಗಾತೀರ (ಶಿವಮೊಗ್ಗ)

ಅಕ್ಕ ಹೇಳಿದ್ದು ಸರಿ. ಲ್ಯಾಪ್‌ಟಾಪ್ ನಿಲ್ಲುವ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ಕ್ಯಾನ್ವಾಸ್ ಅಳತೆ ಎಷ್ಟು? ಬಣ್ಣ ಎಷ್ಟು ಬಿಟ್? ಇನ್ನೊಂದು, ಪರದೆಯಲ್ಲಿ ರಾತ್ರಿ ಬೆಳಕಿನ ಸೆಟ್ಟಿಂಗ್ ಆನ್ ಇದೆಯಾ?

ಹಾಳೆಟೋಪಿ

8000 ಗುಣಿಸು 4500, 16 ಬಿಟ್. ದೊಡ್ಡದಿದ್ದರೆ ಒಳ್ಳೆಯದು ಅಂತ ಇಟ್ಟೆ. ರಾತ್ರಿ ಬೆಳಕು ಸಂಜೆ ಆರಕ್ಕೆ ತಾನೇ ಆನ್ ಆಗುತ್ತದೆ. ನಾನು ಬಿಡಿಸುವುದು ರಾತ್ರಿಯೇ. ಬೆಳಗ್ಗೆ ಫೋನಿನಲ್ಲಿ ನೋಡಿದರೆ ಚಿತ್ರ ನೀಲಿ ನೀಲಿ ಇರುತ್ತದೆ.

ತುಂಗಾತೀರ (ಶಿವಮೊಗ್ಗ)

ಎರಡೂ ಸಿಕ್ಕಿತು. ಆ ಸೆಟ್ಟಿಂಗ್ ಪರದೆಯ ನೀಲಿಯನ್ನು ಇಳಿಸುತ್ತದೆ. ನಿಮಗೆ ಗೊತ್ತಿಲ್ಲದೆಯೇ ಅದನ್ನು ತುಂಬಲು ನೀಲಿ ಜಾಸ್ತಿ ಹಾಕುತ್ತೀರಿ. ಚಿತ್ರ ಮಾಡುವಾಗ ಅದನ್ನು ಆಫ್ ಮಾಡಿ.

ಕ್ಯಾನ್ವಾಸ್ ಲೆಕ್ಕ ನೋಡಿ. 8000 ಗುಣಿಸು 4500 ಅಂದರೆ 3.6 ಕೋಟಿ ಪಿಕ್ಸೆಲ್. 16 ಬಿಟ್ ಅಂದರೆ 2 ಬೈಟ್; ಕೆಂಪು, ಹಸಿರು, ನೀಲಿ, ಪಾರದರ್ಶಕತೆ ನಾಲ್ಕೂ ಸೇರಿ ಒಂದು ಪಿಕ್ಸೆಲ್‌ಗೆ 8 ಬೈಟ್. ಪೂರ್ತಿ ತುಂಬಿದ ಒಂದೇ ಲೇಯರ್‌ಗೆ 288 ಎಂಬಿ. ಹತ್ತು ಲೇಯರ್ ಆದರೆ ಸುಮಾರು 2.9 ಜಿಬಿ. ಮಾಡಿದ್ದನ್ನು ರದ್ದು ಮಾಡಲು (ಅನ್‌ಡೂ) ಇಟ್ಟುಕೊಳ್ಳುವ ನೆನಪು ಬೇರೆ. 8 ಜಿಬಿ ರ‍್ಯಾಮ್ ಸುಸ್ತಾಗದೆ ಏನು ಮಾಡುತ್ತದೆ? ನಿಮ್ಮ ವಿಡಿಯೊ 1920 ಗುಣಿಸು 1080 ಆದರೆ, ಕ್ಯಾಮೆರಾ ಪಕ್ಕಕ್ಕೆ ಸರಿಯುವ ದೃಶ್ಯಕ್ಕೆ 3840 ಗುಣಿಸು 1080 ಸಾಕು. ಅದರಲ್ಲಿ 8 ಬಿಟ್‌ನ ಒಂದು ಲೇಯರ್ 17 ಎಂಬಿಗಿಂತ ಕಡಿಮೆ. ತೆಳು ಮಂಜಿನಲ್ಲಿ ಪಟ್ಟೆ ಪಟ್ಟೆ ಬಂದರೆ ಆ ಮಂಜಿನ ಮೇಲೆ ಸ್ವಲ್ಪ ಒರಟು ಬ್ರಷ್ ಆಡಿಸಿ, ಹೋಗುತ್ತದೆ.

ಆಟೋಸೇವ್ ಸಮಯ ಕಡಿಮೆ ಮಾಡಿಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಗೆ ಅಂತ ನಿಮಗೇ ಗೊತ್ತಲ್ಲ. ಬ್ಯಾಟರಿ ಹಳೆಯದಾದರೆ ಕಷ್ಟ.

ಹಾಳೆಟೋಪಿ (ನಾಲ್ಕು ದಿನದ ನಂತರ)

ಅಕ್ಕಾ, ಅಣ್ಣಾ, ಹುಡುಗಿ ಕಂಡಳು! ಮೂರು ಸಾಲು ಮಾಡಿದೆ. ಬರೀ ಬೂದು ಬಣ್ಣದಲ್ಲಿ ಅಂಗೈಯಷ್ಟು ಚಿಕ್ಕ ಚಿತ್ರ ಹನ್ನೆರಡು ಮಾಡಿದೆ, ಒಂದೊಂದಕ್ಕೆ ಹತ್ತು ನಿಮಿಷ. ಒಂಬತ್ತನೆಯದು ಸರಿ ಬಂತು. ಬಣ್ಣ ಆಮೇಲೆ ಹಾಕಿದೆ. ಲ್ಯಾಪ್‌ಟಾಪ್ ಕೂಡ ನಿಲ್ಲಲಿಲ್ಲ.

ಬೆಳಗ್ಗೆ ಜಗಲಿಯಲ್ಲಿ ಕೂತು ಕಣ್ಣು ಕಿರಿದು ಮಾಡಿ ತೋಟ ನೋಡಿದೆ. ಕಾಂಡ ಹಸಿರೇ ಅಲ್ಲ! ಬೂದು, ಅಲ್ಲಲ್ಲಿ ಬಿಳಿ ಮಚ್ಚೆ. ಕೊಳೆರೋಗಕ್ಕೆ ಹೊಡೆದ ಮೈಲುತುತ್ತ-ಸುಣ್ಣದ ನೀಲಿ ಕಲೆ ಕೆಲವು ಮರದ ಮೇಲೆ ಇಳಿದಿದೆ. ಇಷ್ಟು ವರ್ಷ ಎಲ್ಲದಕ್ಕೂ ಹಸಿರೇ ಬಳಿದಿದ್ದೆ.

ಒಂದೇ ತೊಂದರೆ ಉಳಿದಿದೆ. ದಾರಿಯ ಜಂಬಿಟ್ಟಿಗೆ ಕಲ್ಲು ಒದ್ದೆಯಾದ ಹಾಗೆ ಕಾಣುವುದಿಲ್ಲ. ಬಿಳಿ ಹೊಳಪು ಹಾಕಿದರೆ ಪ್ಲಾಸ್ಟಿಕ್ ಥರ ಆಗುತ್ತದೆ.

ಚಿತ್ತಾರ (ಸಾಗರ)

ಕಾಂಡದ ಮಾತು ಓದಿ ಖುಷಿಯಾಯಿತು. ಕಲ್ಲಿಗೆ ಹೊಳಪನ್ನು ಕೊನೆಗೆ ಹಾಕಿ. ಮೊದಲು ಕಲ್ಲಿನ ಕೆಂಪನ್ನೇ ಕಪ್ಪಾಗಿಸಿ, ಜೊತೆಗೆ ಇನ್ನೂ ಗಾಢ ಮಾಡಿ. ಕಲ್ಲಿನ ತೂತುಗಳಲ್ಲಿ ನೀರು ತುಂಬಿದಾಗ ಬೆಳಕು ಒಳಗೇ ಓಡಾಡಿ ಉಳಿಯುತ್ತದೆ, ಅದಕ್ಕೆ ಒದ್ದೆ ಕಲ್ಲು ಕಪ್ಪಗೆ ಕಾಣುತ್ತದೆ. ಆಮೇಲೆ ನೀರು ನಿಂತ ಕಡೆ ಮಾತ್ರ ಆಕಾಶದ ಬೂದು ಬಣ್ಣ ಇಡಿ, ಅಚ್ಚ ಬಿಳಿ ಬೇಡ. ಪಕ್ಕದ ಮರದ ಪ್ರತಿಬಿಂಬ ಅದರಲ್ಲಿ ನೇರ ಕೆಳಕ್ಕೆ ಇಳಿಯಲಿ. ಹುಡುಗಿ ಕಾಲಿಡುವ ಜಾಗದಲ್ಲಿ ನೀರು ಕಡಿಮೆ ಇಡಿ. ಇಲ್ಲದಿದ್ದರೆ ಅವಳ ಪ್ರತಿಬಿಂಬವನ್ನೂ ಪ್ರತಿ ಫ್ರೇಮ್‌ನಲ್ಲಿ ನೀವೇ ಬಿಡಿಸಬೇಕಾಗುತ್ತದೆ.